ಉಪ್ಪಿನ ಗಾಡಿ ಕೊರಕಲು ದಾಟಿದ್ದು

ಒಂದಾನೊಂದು ಕಾಲ ಅಂದರೆ, ಬೆಟ್ಟ ಕೊರೆದು ಸುರಂಗ ಮಾಡೋದನ್ನ ಇನ್ನೂ ಯಾರೂ ಕಲಿಯದಿದ್ದ ಕಾಲ ಅಂತಿಟ್ಟುಕೋ. ಏಳು ಸಮುದ್ರದ ಆಚೆ, ಯುರೋಪಿನ ಒಂದು ಮೂಲೆಯಲ್ಲಿ ಮಾಂಟೆನೆಗ್ರೊ ಅಂತ ದೇಶ, ಹಾಗಂದರೆ ಕರಿಬೆಟ್ಟ ಅಂತ. ಅಲ್ಲಿ ಬೆಟ್ಟದ ನೆತ್ತಿ ಮೇಲೆ ನಲವತ್ತು ಮನೆಯ ಒಂದು ಊರು, ಆ ಊರಲ್ಲಿ ಸ್ತಾನಾ ಅಂತ ಒಬ್ಬ ಹೆಂಗಸು ಇದ್ದಳಂತೆ. ಗಂಡ ಇಲ್ಲ, ಮೂರು ಜನ ಗಂಡುಮಕ್ಕಳು. ದೊಡ್ಡವನು ರಾದೋಯೆ, ನಡುವಿನವನು ಬ್ಲಾಗೋಯೆ, ಚಿಕ್ಕವನು ಸಾವೋ. ನಗಬೇಡ ಮರಿ, ನಿನ್ನ ಹೆಸರು ಕೇಳಿದರೆ ಅವರೂ ನಗ್ತಾರೆ.

ಆ ಊರಿನವರ ಬದುಕೆಲ್ಲ ಕುರಿ. ಬೇಸಿಗೆಯಿಡೀ ಹಾಲು ಕರೆದು ಚೀಸು ಮಾಡೋರಂತೆ, ನೀನು ದೋಸೆ ಮೇಲೆ ಹಾಕಿಸಿಕೊಂಡು ತಿಂತೀಯಲ್ಲ, ಅದೇ. ಅದನ್ನ ಮರದ ಪೀಪಾಯಿಗೆ ತುಂಬಿ ಉಪ್ಪುನೀರು ಹೊಯ್ದರೆ ಚಳಿಗಾಲ ತಡೀತದೆ, ಇಲ್ಲದಿದ್ದರೆ ಕೊಳೆತು ಹೋಗ್ತದೆ. ಹಿಮ ಬಿತ್ತು ಅಂದರೆ ಆರು ತಿಂಗಳು ದಾರಿ ಬಂದ್, ಅದೇ ರೊಟ್ಟಿ ಅದೇ ಚೀಸು. ಉಪ್ಪು ಸಿಗೋದು ಕೆಳಗೆ ಕಡಲ ದಂಡೆಯಲ್ಲಿ, ಮೂರು ದಿನದ ದಾರಿ. ವರ್ಷಕ್ಕೊಂದು ಮನೆಯವರು ಸರದಿ ಪ್ರಕಾರ ಊರಿಗೆಲ್ಲ ಉಪ್ಪು ತರಬೇಕು, ಆ ವರ್ಷ ಸ್ತಾನಾ ಮನೆ ಸರದಿ.

ದಾರಿ ಅಂದರೆ ಎಂಥ ದಾರಿ! ಹೊಳೆ ಕೊರೆದ ದೊಡ್ಡ ಕೊರಕಲು, ಅದರ ಗೋಡೆ ಮೇಲೆ ಬಂಡೆ ಕಡಿದು ಮಾಡಿದ ದಾರಿ. ಈ ಪಕ್ಕ ಬಂಡೆ, ಆ ಪಕ್ಕ ಪಾತಾಳ, ಒಂದು ಗಾಡಿ ಹೋಗೋಷ್ಟೇ ಅಗಲ. ಎದುರಿಗೆ ಇನ್ನೊಂದು ಗಾಡಿ ಬಂತೋ, ಯಾರಾದರೂ ಒಬ್ಬರು ಅಗಲದ ಜಾಗದವರೆಗೂ ಹಿಂದೆ ಸರೀಬೇಕು. ಖಾಲಿ ಗಾಡಿಯವನು ಸರಿದರೆ ಅವಮಾನ ಇಲ್ಲ, ಅದು ಪದ್ಧತಿ. ಹೇರು ತುಂಬಿದವನು ಸರಿದರೆ ಮಾತ್ರ ಮೂಗು ಕೊಯ್ಸಿಕೊಂಡ ಹಾಗೆ. ಹಿಂದೆ ಸರಿದವನ ಮೊಮ್ಮಗ ಇವನು ಅಂತ ಮೂರು ತಲೆಮಾರು ಆಡಿಕೊಳ್ಳೋರಂತೆ.

ಮೊದಲು ರಾದೋಯೆ ಹೋದ. ಉಪ್ಪು ಹೇರಿಕೊಂಡು ವಾಪಸು ಬರ್ತಾ ಕೊರಕಲಿನ ನಡುಮಧ್ಯೆ ಎದುರಿಗೆ ಸೌದೆ ಗಾಡಿ ಬಂತಂತೆ. ನೀನು ಸರಿ ಅಂದ ಇವನು, ನೀನು ಸರಿ ಅಂದ ಅವನು. ಇಬ್ಬರೂ ಹೇಸರಗತ್ತೆ ಬಿಚ್ಚಿ, ಚುಟ್ಟಾ ಹಚ್ಚಿ ಕೂತರು. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರನೇ ದಿನ ಮಳೆ ಹುಯ್ತು ನೋಡು, ಉಪ್ಪೆಲ್ಲ ಕರಗಿ ಹೊಳೆಗೆ ಹೋಯ್ತು. ಆಗ ರಾದೋಯೆ, ಈಗ ನನ್ನದು ಖಾಲಿ ಗಾಡಿ, ಸರಿದರೆ ಮಾನ ಹೋಗಲ್ಲ ಅಂತ ಆರಾಮಾಗಿ ಹಿಂದೆ ಸರಿದನಂತೆ! ಮತ್ತೆ ಕಡಲಿಗೆ ಇಳಿಯೋಣ ಅಂದರೆ ಅವನಿಗೆ ರೊಟ್ಟಿ ಇಲ್ಲ, ಕತ್ತೆಗೆ ಮೇವಿಲ್ಲ. ಖಾಲಿ ಗಾಡಿ ಮನೆಗೆ ಬಂತು.

ಆಮೇಲೆ ಬ್ಲಾಗೋಯೆ ಹೊರಟ. ಅಣ್ಣನ ಹಾಗೆ ಹಟ ಮಾಡಬೇಡವೋ ಅಂತ ತಾಯಿ ಹೇಳಿ ಕಳಿಸಿದ್ದಳು. ಸರಿ, ಉಪ್ಪು ಹೇರಿಕೊಂಡು ಹತ್ತುತ್ತಾ ಬಂದ, ಉಣ್ಣೆ ಗಾಡಿ ಬಂತು, ಸರಿದ. ಸ್ವಲ್ಪ ಮುಂದೆ ಬಂದ, ಮದುವೆ ದಿಬ್ಬಣ ಬಂತು, ಸರಿದ. ಎರಡು ಮಾರು ಬರೋದು, ಹತ್ತು ಮಾರು ಹಿಂದೆ ಹೋಗೋದು. ಹೀಗೆ ಸರೀತಾ ಸರೀತಾ ಬೆನ್ನಿಗೆ ತಣ್ಣಗೆ ಗಾಳಿ ಬಡೀತಲ್ಲ ಅಂತ ತಿರುಗಿ ನೋಡಿದರೆ ಕಡಲಂತೆ! ಅವನಿಗೆ ನಾಚಿಕೆಯಾಗಿ, ಉಪ್ಪಿನ ಗಾಡಿ ಅಲ್ಲೇ ಉಪ್ಪಿನಗದ್ದೆಯವನ ಹತ್ತಿರ ಬಿಟ್ಟು ನಡಕೊಂಡು ಮನೆಗೆ ಬಂದ.

ಈಗ ಮೂರನೆಯವನು ಗೆಲ್ತಾನೆ ಅಂತೀಯ? ಮೂರನೆಯವನು ಪ್ಲಮ್ ಮರದಿಂದ ಬಿದ್ದು ಕಾಲು ಮುರಕೊಂಡು ಮಲಗಿದ್ದ. ಕತೆ ನನ್ನದಾ ನಿನ್ನದಾ? ಸುಮ್ಮನೆ ಕೇಳು. ಸ್ತಾನಾನೇ ಹೊರಟಳು.

ಅಷ್ಟು ಹೊತ್ತಿಗೆ ಎತ್ತರದ ಬೆಟ್ಟಗಳ ತಲೆ ಬೆಳ್ಳಗಾಗಿತ್ತು. ನಲವತ್ತು ಮನೆ ಮಕ್ಕಳು ಚಳಿಗಾಲಕ್ಕೆ ಏನು ತಿನ್ನಬೇಕು ಅಂತ ಅವಳಿಗೆ ಚಿಂತೆ. ಕಡಲಿಗೆ ಇಳಿದು, ಬ್ಲಾಗೋಯೆ ಬಿಟ್ಟುಬಂದಿದ್ದ ಉಪ್ಪಿನ ಗಾಡಿ ಹೂಡಿಕೊಂಡು ಬಂದಳು. ಕೊರಕಲಿನ ನಡುವೆ, ರಾದೋಯೆ ಸಿಕ್ಕಿಕೊಂಡಿದ್ದಲ್ಲೇ, ಎದುರಿಗೆ ಕ್ರಸ್ತೊ ಅನ್ನೋ ಮುದುಕ, ಗಾಡಿ ತುಂಬ ಕುರಿಚರ್ಮ.

ತಾಯೀ, ನಾನು ಸರಿಯೋನಲ್ಲ ಅಂದನಂತೆ ಮುದುಕ. ನಾನೂ ಸರಿಯೋಳಲ್ಲ ಅಣ್ಣಾ, ನೀವು ಕೂತಿರಿ ಅಂದಳಂತೆ ಸ್ತಾನಾ. ಅಂದವಳೇ ಗಾಡಿಯಿಂದ ಇಳಿದು, ಒಂದು ಉಪ್ಪಿನ ಮೂಟೆ ಬೆನ್ನಿಗೇರಿಸಿ, ಬಂಡೆಗೆ ಒತ್ತಿಕೊಂಡು ಮುದುಕನ ಗಾಡಿ ಪಕ್ಕ ನುಸುಳಿ ಆಚೆ ಇಟ್ಟು ಬಂದಳು. ಎರಡನೇ ಮೂಟೆ ಹೊತ್ತಳು. ಮೂರನೇದೂ ಹೊತ್ತಳು. ಮುದುಕ ಚುಟ್ಟಾ ಸೇದ್ತಾ ನೋಡ್ತಾ ಇದ್ದ. ಆ ಸೀಮೆಯಲ್ಲಿ ಹೆಂಗಸು ಹೇರು ಹೊರುವಾಗ ಗಂಡಸು ಕೂತು ನೋಡಿದ ಅಂದರೆ, ಹಿಂದೆ ಸರಿದದ್ದಕ್ಕಿಂತ ದೊಡ್ಡ ಅವಮಾನ. ಅವನ ಕಿವಿ ಕೆಂಪಾಯ್ತು. ನಾಲ್ಕನೇ ಮೂಟೆಗೆ ಬಂದು ಕೈ ಜೋಡಿಸಿದ. ಇದನ್ನ ಯಾರಿಗೂ ಹೇಳಬೇಡ ತಾಯೀ ಅಂದನಂತೆ.

ಆಮೇಲೆ ಇಬ್ಬರೂ ಸೇರಿ ಉಪ್ಪೆಲ್ಲ ದಾಟಿಸಿದರು, ಅವಳ ಖಾಲಿ ಗಾಡಿಯ ಗಾಲಿ ಹಿಡಿದಿಡೋ ಕಡಾಣಿ ಕಿತ್ತು ಗಾಲಿ ಬಿಚ್ಚಿ, ಗಾಡೀನ ಮಗ್ಗುಲಿಗೆ ಎತ್ತಿ ಬಂಡೆಗೆ ಒತ್ತಿ ಒರಗಿಸಿದರು, ಮುದುಕನ ಗಾಡಿ ಪಾತಾಳದ ಅಂಚು ಸವರಿಕೊಂಡು ದಾಟಿತು. ಆಮೇಲೆ ಗಾಲಿ ಸಿಕ್ಕಿಸಿ, ಉಪ್ಪು ಹೇರಿ, ಇಬ್ಬರೂ ಅವರವರ ದಾರಿ ಹಿಡಿದರು. ಯಾರೂ ಹಿಂದೆ ಸರಿಯಲಿಲ್ಲ, ಯಾರ ಮೂಗೂ ಹೋಗಲಿಲ್ಲ.

ಸ್ತಾನಾ ಊರು ಮುಟ್ಟಿದ ದಿನವೇ ಹಿಮ ಬಿತ್ತಂತೆ. ಊರವರು ಅವಳನ್ನ ಎತ್ತಿಕೊಂಡು ಕುಣಿದರು, ಪೀಪಾಯಿಗೆಲ್ಲ ಉಪ್ಪುನೀರು ಬಿತ್ತು, ಮೂರು ಮಕ್ಕಳೂ ತಲೆತಗ್ಗಿಸಿಕೊಂಡು ಹೊಟ್ಟೆತುಂಬ ಚೀಸು ತಿಂದರು. ಮುದುಕನ ಹೆಸರೆತ್ತದೆ ಸ್ತಾನಾ ಹೇಳಿದ್ದನ್ನ ಕೇಳಿ ಊರ ಹಿರಿಯರು ಕೂತು ಹೊಸ ಪದ್ಧತಿ ಮಾಡಿದರಂತೆ, ಇನ್ನು ಮೇಲೆ ಕೊರಕಲಲ್ಲಿ ಎರಡು ಗಾಡಿ ಎದುರಾದರೆ ಮೊದಲು ಕೆಳಗಿಳಿದು ಕೈ ಜೋಡಿಸಿದವನೇ ದೊಡ್ಡ ಮನುಷ್ಯ ಅಂತ.

ಅವತ್ತಿಂದ ಅಲ್ಲಿ ಎರಡು ಗಾಡಿ ಎದುರಾದರೆ ಸಾಕು, ಇಬ್ಬರೂ ದುಡುದುಡು ಅಂತ ಕೆಳಗೆ ಹಾರಿ, ಮೊದಲು ಇಳಿದವನು ನಾನು, ಅಲ್ಲ ನಾನು ಅಂತ ಕಿತ್ತಾಡ್ತಾರಂತೆ. ಹಟ ಎಲ್ಲಿಗೆ ಹೋಗ್ತದೆ? ಆದರೆ ಕಿತ್ತಾಡ್ತಾ ಕಿತ್ತಾಡ್ತಾನೇ ಮೂಟೆ ದಾಟಿಸಿಬಿಡ್ತಾರಂತೆ. ಅವರ ಕತೆ ಅಲ್ಲಿಗೆ ಮುಗೀತು, ನನ್ನ ಬಾಯಿ ಇಲ್ಲಿಗೆ ಮುಚ್ಚಿತು, ನೀನು ಕಣ್ಣು ಮುಚ್ಚು.