ನೇರಳೆಯಲ್ಲದ ಅಭ್ರಕ

ಲಿಥಿಯಂ ಇರುವ ಅಪರೂಪದ ಅಭ್ರಕ ನೇರಳೆ ಬಣ್ಣದ್ದು ಎಂದು ಯಾರಿಂದಲೋ ಕೇಳಿ ತಿಳಿದಿದ್ದ ಸುತ್ತಿಗೆಯೊಂದು ಗುಡ್ಡದಲ್ಲಿ ಮೂರು ದಿನದಿಂದ ಕಲ್ಲು ಆರಿಸುತ್ತಿತ್ತು. ನೇರಳೆ ಕಂಡರೆ ಚೀಲಕ್ಕೆ, ಉಳಿದದ್ದೆಲ್ಲ ಜೀಪು ಬರುವ ದಾರಿಯ ಗುಂಡಿಗಳಿಗೆ.

“ನೀನು ಬಿಳಿ, ಬರೀ ಕಾಗೆಬಂಗಾರ. ಗುಂಡಿಗೆ ನಡಿ,” ಎಂದಿತು ಒಂದು ಅಭ್ರಕಕ್ಕೆ.

ಅಭ್ರಕ ಸಿಡಿಯಿತು. “ಮೈಬಣ್ಣ ನೋಡಿ ಜಾತಿ ಹೇಳುವ ನೀವೆಂಥ ಪರೀಕ್ಷಕರು? ಪಕ್ಕದಲ್ಲೇ ಸ್ಪಿರಿಟ್ ದೀಪವಿದೆ. ನನ್ನದೊಂದು ಚೂರು ಅದಕ್ಕೆ ಹಿಡಿಯಿರಿ. ಲಿಥಿಯಂ ಇದ್ದರೆ ಉರಿ ಕೆಂಪಾಗುತ್ತದೆ!”

“ಸಿಕ್ಕ ಸಿಕ್ಕ ಕಲ್ಲಿಗೆಲ್ಲ ದೀಪ ಹಚ್ಚುತ್ತಾ ಕೂರಲೇನು?” ಎಂದು ಸುತ್ತಿಗೆ ಗದರಿತು.

ದೀಪಕ್ಕೆ ತಡೆಯಲಾಗಲಿಲ್ಲ. “ಮೂರು ದಿನದಿಂದ ನನ್ನನ್ನು ಸುಮ್ಮನೆ ಹೊತ್ತು ತಿರುಗಿದ್ದೀರಿ. ಹಿಡಿಯಿರಿ, ನೋಡಿಯೇಬಿಡೋಣ,” ಎಂದು ತಾನೇ ಹೊತ್ತಿಕೊಂಡಿತು. ಚೂರು ತಾಕಿದ್ದೇ ತಡ, ಉರಿ ಕುಂಕುಮದಂತೆ ಕೆಂಪಾಯಿತು.

ಸುತ್ತಿಗೆಯ ದನಿ ಬದಲಾಯಿತು. “ಬನ್ನಿ, ಬನ್ನಿ! ಚೀಲದಲ್ಲಿ ನಿಮಗೇ ಮೊದಲ ಜಾಗ. ನಿಮ್ಮಂಥವರು ಸಾವಿರಕ್ಕೊಬ್ಬರು!”

“ಸಾವಿರಕ್ಕೊಬ್ಬರೋ?” ಅಭ್ರಕ ಇನ್ನಷ್ಟು ಕೆರಳಿತು. “ಗುಂಡಿಗೆ ಎಸೆದಿರಲ್ಲ, ಅವರಲ್ಲಿ ಎಷ್ಟು ಜನರನ್ನು ಉರಿಗೆ ಹಿಡಿದು ನೋಡಿದಿರಿ?”

ಸುತ್ತಿಗೆ ದಾರಿಯತ್ತ ನೋಡಿತು. ಗುಂಡಿಗಳೆಲ್ಲ ತುಂಬಿದ್ದ ಆ ದಾರಿಯಲ್ಲಿ ಜೀಪು ಒಂದಿಷ್ಟೂ ಕುಲುಕದೆ ಬರುತ್ತಿತ್ತು.