ದುಂಡವ್ವ ಬಿಟ್ಟುಹೋದ ಮಾತು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ದೊಡ್ಡದೇನಲ್ಲ. ನಾಲ್ಕು ಕೋಣೆ, ಒಂದು ದಾಸೋಹದ ಮನೆ, ಬೇವಿನ ಗಿಡದ ಕೆಳಗೊಂದು ಕಟ್ಟೆ. ಅಲ್ಲಿದ್ದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಅಜ್ಜಾರ ಬಳಿ ಮೃತ್ಯುಂಜಯ ಅಂತ ಒಬ್ಬ ಶಿಷ್ಯ. ಕಂಪ್ಯೂಟರ್ ಬಲ್ಲವನು. ಬಲ್ಲವನು ಅಂದರೆ ಸುಮ್ಮನೆ ಬಲ್ಲವನಲ್ಲ, ಅದರ ಬಗ್ಗೆ ಅಭಿಪ್ರಾಯ ಇದ್ದವನು. ಯಾವ ಫೋನು ಚೊಲೊ, ಯಾವ ತಂತ್ರಾಂಶ ದಂಡ, ಯಾವ ಕಂಪನಿ ಇನ್ನೆರಡು ವರ್ಷದಲ್ಲಿ ಮುಳುಗುತ್ತದೆ, ಎಲ್ಲ ಹೇಳುತ್ತಿದ್ದ. ಕೇಳಿದರೂ ಹೇಳುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ.

ಆಶ್ರಮ ಸೇರಿದ ಮೇಲೂ ವಾರಕ್ಕೊಂದು ಲೇಖನ ಬರೆದು ಇಂಟರ್ನೆಟ್ಟಿಗೆ ಹಾಕುವುದನ್ನು ಬಿಟ್ಟಿರಲಿಲ್ಲ. ಸಾವಿರಾರು ಮಂದಿ ಓದುತ್ತಿದ್ದರು. ‘ಗೊತ್ತಿಲ್ಲ’ ಅನ್ನುವ ಮಾತನ್ನು ಮಾತ್ರ ಅವನ ಬಾಯಿಂದ ಯಾರೂ ಕೇಳಿರಲಿಲ್ಲ.

ಆಶ್ರಮದಲ್ಲಿ ಒಂದು ರೂಢಿಯಿತ್ತು. ಎದುರಿಗೆ ನಿಂತು ಹೇಳಲಾಗದ ಮಾತು ಯಾರಿಗಾದರೂ ಇದ್ದರೆ, ಅವರು ಬಂದು ಮೂಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ಅಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಹೇಳಿ ಇಟ್ಟುಹೋಗುತ್ತಿದ್ದರು. ಆ ಮಾತು ಯಾರಿಗೆ ಸೇರಬೇಕೋ ಅವರು ಮುಂದೊಂದು ದಿನ ಬಂದು, ಒಬ್ಬರೇ ಕೂತು ಕೇಳುತ್ತಿದ್ದರು.

ನಡುವೆ ಮೂರನೆಯವರು ಕೇಳುವಂತಿಲ್ಲ. ಅಜ್ಜಾರೂ ಕೇಳುತ್ತಿರಲಿಲ್ಲ.

“ಅಜ್ಜಾರ, ಈ ಡಬ್ಬಿ ಒಗದಬಿಡ್ರಿ,” ಅಂದ ಮೃತ್ಯುಂಜಯ ಒಂದು ದಿನ. “ಇದರ ಸಿಸ್ಟಮ್ಮು ಹದಿನೈದು ವರ್ಷದ ಹಿಂದಿಂದು. ಈಗ ಯಾರೂ ಇದನ್ನ ಮೂಸೂದಿಲ್ಲ.”

“ಮಾತು ಕೇಳಸ್ತೈತಿ ಇಲ್ಲೋ?”

“ಕೇಳಸ್ತೈತ್ರಿ. ಆದ್ರ ಭಾಳ ನಿಧಾನ.”

“ಹದಿನೆಂಟು ವರ್ಷ ಮಾತು ಬಿಟ್ಟವರು ಬರ್ತಾರಪಾ ಇಲ್ಲಿ. ಅವರಿಗೇನು ಅವಸರ?”

ಮೃತ್ಯುಂಜಯ ನಕ್ಕ. ಆ ವಾರದ ಲೇಖನ ಹಳೇ ಯಂತ್ರಕ್ಕೆ ಜೋತುಬಿದ್ದವರನ್ನು ಕುರಿತು. ಓದಿದವರು ಭಲೇ ಅಂದರು.

ಇನ್ನೊಂದು ದಿನ ಹೊಸ ತಂತ್ರಾಂಶದ ಸುದ್ದಿ ತಂದ. ಮನುಷ್ಯನ ದನಿಯನ್ನು ನಾಲ್ಕು ನಿಮಿಷ ಕೇಳಿಸಿದರೆ ಸಾಕು, ಅದೇ ದನಿಯಲ್ಲಿ ಏನು ಬೇಕಾದರೂ ಮಾತಾಡುತ್ತದಂತೆ. ಅದರ ಬಗ್ಗೆ ತಾನು ಬರೆದದ್ದನ್ನು ಗಟ್ಟಿಯಾಗಿ ಓದಿದ.

“‘ಕಿವಿಗೆ ವ್ಯತ್ಯಾಸ ಗೊತ್ತಾಗದಿದ್ದರೆ, ವ್ಯತ್ಯಾಸವೇ ಇಲ್ಲ.’ ಹೆಂಗೈತ್ರಿ ಅಜ್ಜಾರ?”

“ಯಾರ ಕಿವಿಗಪಾ?”

“ಕೇಳವ್ರ ಕಿವಿಗ್ರಿ, ಮತ್ಯಾರ ಕಿವಿಗೆ?”

ಅಜ್ಜಾರು ಹೂಂ ಅಂದರು. ಎದ್ದು ಗಿಡಕ್ಕೆ ನೀರು ಹಾಕಲು ಹೋದರು.

ದುಂಡವ್ವ ಅಂತ ಒಬ್ಬ ಮುದುಕಿ ಪ್ರತಿ ಸೋಮವಾರ ದಾಸೋಹದಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದಳು. ತಮ್ಮನ ಜೊತೆ ಹದಿನೆಂಟು ವರ್ಷದಿಂದ ಮಾತು ಬಿಟ್ಟವಳು. ಶ್ರಾವಣದ ಒಂದು ಸೋಮವಾರ ಕೈತೊಳೆದುಕೊಂಡು ಬಂದವಳೇ ಮೂಲೆಯ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

“ನನ್ನ ತಮ್ಮ ಅಡಿವೆಪ್ಪ ಬಂದ್ರ ಕೇಳಸ್ರಿ ಅಜ್ಜಾರ. ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ.”

ದೀಪಾವಳಿ ಕಳೆದು ಎಂಟು ದಿನಕ್ಕೆ ದುಂಡವ್ವ ತೀರಿಕೊಂಡಳು. ಅಜ್ಜಾರು ಅಡಿವೆಪ್ಪನಿಗೆ ಹೇಳಿಕಳಿಸಿದರು. ಬರುವ ಸೋಮವಾರ ಬರುತ್ತೇನೆ ಅಂತ ಅವನಿಂದ ಉತ್ತರ ಬಂತು.

ಆ ನಡುವೆ ಅಜ್ಜಾರು ಮೂರು ದಿನ ಪರವೂರಿಗೆ ಹೋಗಬೇಕಾಯಿತು. ಕೋಣೆಯ ಕೀಲಿಯನ್ನು ಮೃತ್ಯುಂಜಯನ ಕೈಗೆ ಕೊಟ್ಟರು.

“ಕಸಾ ಹೊಡಿ. ಮತ್ತೇನೂ ಮಾಡಬ್ಯಾಡ.”

“ಆತ್ರಿ.”

ಕಸ ಹೊಡೆದದ್ದು ಹತ್ತು ನಿಮಿಷ. ಮುಂದೆ ಕೈ ಸುಮ್ಮನಿರಲಿಲ್ಲ. ಅಜ್ಜಾರು ಬರುವುದರೊಳಗೆ ಹಳೇ ಸಿಸ್ಟಮ್ಮು ಕಿತ್ತು ಹೊಸದು ಹಾಕಿಟ್ಟರೆ ಅವರೇ ಬೆರಗಾಗುತ್ತಾರೆ ಅಂದುಕೊಂಡ.

ಮೊದಲು ಬ್ಯಾಕಪ್. ಅಂದರೆ ಒಳಗಿದ್ದದ್ದರ ಇನ್ನೊಂದು ಪ್ರತಿಯನ್ನು ತೆಗೆದು ಬೇರೆ ಕಡೆ ಇಟ್ಟುಕೊಳ್ಳುವುದು. ಅದರ ಬಗ್ಗೆಯೂ ಅವನದೊಂದು ಪ್ರಸಿದ್ಧ ಲೇಖನವಿತ್ತು. ‘ಬ್ಯಾಕಪ್ ಇಡದವನಿಗೆ ಅಳುವ ಹಕ್ಕಿಲ್ಲ’ ಅಂತ ಅದರ ಶೀರ್ಷಿಕೆ. ನಿವೃತ್ತ ಮಾಸ್ತರರೊಬ್ಬರು, ತೀರಿಹೋದ ಹೆಂಡತಿಯ ಫೋಟೊಗಳೆಲ್ಲ ಕಂಪ್ಯೂಟರ್ ಕೆಟ್ಟು ಹೋದವು ಅಂತ ಅವನಿಗೆ ಬರೆದಿದ್ದರು. ಅದಕ್ಕೆ ಈ ಮಹರಾಯ ಕೊಟ್ಟ ಉತ್ತರವೇ ಆ ಶೀರ್ಷಿಕೆ.

ಪರದೆಯ ಮೇಲೆ ‘ಮಾತುಗಳು’ ಅಂತ ಹೆಸರಿದ್ದ ಐಕಾನಿನ ಚಿತ್ರವೊಂದಿತ್ತು. ಅದನ್ನು ಎಳೆದು ಪೆನ್ ಡ್ರೈವಿಗೆ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಕಾಪಿ ಆಯಿತು. ಪೆನ್ ಡ್ರೈವ್ ಏನು ಚುರುಕಪ್ಪಾ ಅಂದುಕೊಂಡ. ಬಿಚ್ಚಿ ನೋಡಲಿಲ್ಲ. ಕಂಪ್ಯೂಟರನ್ನು ಪೂರ್ತಿ ಒರೆಸಿ, ಹೊಸ ಸಿಸ್ಟಮ್ಮು ತುಂಬಿ, ಪೆನ್ ಡ್ರೈವ್ ಚುಚ್ಚಿದ.

ಅದರಲ್ಲಿ ಒಂದು ಮಾತೂ ಇರಲಿಲ್ಲ.

ಅವನು ಎಳೆದು ತಂದದ್ದು ಬರೀ ಶಾರ್ಟ್‌ಕಟ್. ಮಾತುಗಳು ಎಲ್ಲಿವೆ ಅಂತ ದಾರಿ ತೋರಿಸುವ ಗುರುತು, ಅಷ್ಟೇ. ಊರು ತರಲು ಹೋದವನು ಊರ ಹೊರಗಿನ ಕೈಮರ ಕಿತ್ತು ತಂದಿದ್ದ. ಊರನ್ನು ತನ್ನ ಕೈಯಾರೆ ಒರೆಸಿ ಹಾಕಿದ್ದ.

ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶಗಳನ್ನೆಲ್ಲ ಓಡಿಸಿದ. ಒಂದೂ ಸಿಗಲಿಲ್ಲ. ಮೂವತ್ತೇಳು ಜನರ ಮಾತು ಹೋಗಿತ್ತು. ಮೂವತ್ತಾರು ಜನ ಬದುಕಿದ್ದರು. ದುಂಡವ್ವ ಇರಲಿಲ್ಲ.

ಅವನಿಗೆ ಆ ಮಾಸ್ತರರು ನೆನಪಾದರು. ಕಿವಿ ಸುಡತೊಡಗಿತು. ಯಾರೂ ಇಲ್ಲದ ಕೋಣೆಯಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತ.

ಆಗಲಾದರೂ ಅಜ್ಜಾರಿಗೆ ಫೋನು ಮಾಡಿ ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. ಇಷ್ಟು ದಿನ ಊರಿಗೆಲ್ಲ ಬುದ್ಧಿ ಹೇಳಿದವನಿಗೆ ಅಷ್ಟು ಸಣ್ಣ ಮಾತು ಬಾಯಿಗೆ ಬರಲಿಲ್ಲ.

ದುಂಡವ್ವ ರೊಟ್ಟಿ ಬಡಿಯುತ್ತ ಮಾತಾಡಿದ್ದನ್ನು ಅವನೇ ಹಿಂದೊಮ್ಮೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದ. ಆರು ನಿಮಿಷ. ಆ ದನಿಯನ್ನು ಹೊಸ ತಂತ್ರಾಂಶಕ್ಕೆ ಕೇಳಿಸಿದ. ಹದಿನೆಂಟು ವರ್ಷ ಮಾತು ಬಿಟ್ಟ ಅಕ್ಕ ಸಾಯುವ ಮುಂಚೆ ಏನು ಹೇಳಿರುತ್ತಾಳೆ? ಮತ್ತೇನು, ಕ್ಷಮೆ ಕೇಳಿರುತ್ತಾಳೆ ಅಂತ ತೀರ್ಮಾನಿಸಿದ. ನಾಲ್ಕು ಸಾಲು ಬರೆದುಕೊಟ್ಟ. ಯಂತ್ರ ಅದನ್ನು ಮಾತಾಡಿತು.

“ತಮ್ಮಾ ಅಡಿವೆಪ್ಪಾ, ತಪ್ಪು ನಂದ ಐತಿ. ಹೊಟ್ಟ್ಯಾಗ ಹಾಕ್ಕೋ. ಮನಸಿನ್ಯಾಗ ಏನೂ ಇಟ್ಕೋಬ್ಯಾಡ. ಆರಾಮ ಇರು.”

ಥೇಟ್ ದುಂಡವ್ವ. ಮೃತ್ಯುಂಜಯನ ಮೈಮೇಲೆ ಮುಳ್ಳೆದ್ದವು. ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಯಿತು.

ಅಜ್ಜಾರು ಮರಳಿ ಬಂದರು. ಕೋಣೆಯಲ್ಲಿ ಇಣುಕಿದರು.

“ಎಲ್ಲಾ ಹೊಸಾದು ಕಾಣಸ್ತೈತಿ?”

“ಚೂರು ಸ್ವಚ್ಛ ಮಾಡೀನ್ರಿ.”

“ಮಾತು ಎಲ್ಲಾ ಅದಾವಿಲ್ಲೋ?”

“ಅದಾವ್ರಿ.”

ಅಯ್ಯೋ, ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಸೋಮವಾರ ಅಡಿವೆಪ್ಪ ದೋಣಿ ಇಳಿದು ಬಂದ. ಅರವತ್ತು ದಾಟಿದ ಮನುಷ್ಯ. ಕೈಯಲ್ಲೊಂದು ಚೀಲ, ಅದರಲ್ಲೊಂದು ಹಸಿರು ಸೀರೆ. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದ. ಮೃತ್ಯುಂಜಯ ಗುಂಡಿ ಒತ್ತುವುದನ್ನು ತೋರಿಸಿಕೊಟ್ಟು ಹೊರಗೆ ನಿಂತ.

ಒಳಗಿನಿಂದ ಅಳು ಕೇಳಿಸಿತು. ಒಂದು ಸಲ ಕೇಳಿ ಸುಮ್ಮನಾಗುತ್ತಾನೆ ಅಂತ ಮೃತ್ಯುಂಜಯ ಅಂದುಕೊಂಡಿದ್ದ. ಅಡಿವೆಪ್ಪ ಮೂರು ಸಲ ಕೇಳಿದ. ಹೊರಗೆ ಬಂದವನು ಮೃತ್ಯುಂಜಯನ ಎರಡೂ ಕೈ ಹಿಡಿದುಕೊಂಡ.

“ಎಪ್ಪಾ, ಅಕಿ ಯಾಕ ಮಾಫಿ ಕೇಳಿದ್ಲು? ಅಕಿ ಏನ್ ತಪ್ಪು ಮಾಡಿದ್ಲು ಅಂತ ಕೇಳಿದ್ಲು?”

ಮೃತ್ಯುಂಜಯ ಕೈ ಬಿಡಿಸಿಕೊಳ್ಳಲು ನೋಡಿದ. ಅಡಿವೆಪ್ಪ ಬಿಡಲಿಲ್ಲ.

“ಗಂಡ ಸತ್ತ ವರ್ಷ, ಪಂಚಮಿಗೆ, ನಾ ಕರೀದಿದ್ರೂ ತಾನ ತವರಿಗೆ ಬಂದ್ಲು. ನಾ ಬಾಗಲಾ ಹಾಕ್ಕೊಂಡೆ. ಯಾಕಂತ ಕೇಳಬ್ಯಾಡ, ಹೇಳಾಕ ನನಗ ನಾಚಿಕಿ. ಸಂಜೀ ಬಸ್ ಬರೂತನಾ ನಮ್ಮ ಕಟ್ಟಿ ಮ್ಯಾಲ ಕುಂತಿದ್ಲು. ಪಂಚಮಿ ಸೀರಿ ಇರ್ಲಿ, ನೀರು ಸೈತ ಕೊಡಲಿಲ್ಲ ನಾನು.”

ಹಿಡಿದ ಕೈ ಬಿಟ್ಟು, ರುಮಾಲಿನಿಂದ ಕಣ್ಣೊರೆಸಿಕೊಂಡ.

“ಇವತ್ತು ಬೈತಾಳ ಅಂತ ಬಂದಿದ್ದೆ. ಸತ್ತ ಮ್ಯಾಲಾದ್ರೂ ಬೈಸ್ಕೊಂಡು, ಹಗರಾಗಿ ಹೋಗೂಣು ಅಂತ ಬಂದಿದ್ದೆ. ಅಕಿ ನೋಡಿದ್ರ, ನನ್ನ ತಪ್ಪೂ ತನ್ನ ತೆಲಿ ಮ್ಯಾಲ ಹೊತ್ಕೊಂಡು ಹೋಗ್ಯಾಳ. ನಾ ಇನ್ನ ಹೆಂಗ ಇರ್ಲಿ?”

ಚೀಲವನ್ನು ಎದೆಗವಚಿಕೊಂಡು ನದಿಯ ಕಡೆ ನಡೆದ.

ಮೃತ್ಯುಂಜಯನಿಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬಾಗಿಲಲ್ಲಿ ನೀರಿಲ್ಲದೆ ಕೂತು ಹೋದವಳ ಬಾಯಿಂದ ಅವನು ತಪ್ಪೊಪ್ಪಿಗೆ ಆಡಿಸಿದ್ದ. ಅದೂ ಅವಳು ಸತ್ತ ಮೇಲೆ. ಇಲ್ಲ ಅನ್ನಲು ಅವಳು ಇರಲಿಲ್ಲ.

ಅಜ್ಜಾರು ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಮೃತ್ಯುಂಜಯ ಹೋಗಿ ಕೆಳಗೆ ಮಣ್ಣಿನಲ್ಲಿ ಕೂತ. ಒಂದನ್ನೂ ಬಿಡದೆ ಹೇಳಿದ. ಕೈಮರದ ಸಂಗತಿ ಹೇಳಿದ, ದನಿಯ ಸಂಗತಿ ಹೇಳಿದ, ‘ಅದಾವ್ರಿ’ ಅಂದದ್ದನ್ನೂ ಹೇಳಿದ.

ಅಜ್ಜಾರು ಎಲ್ಲ ಮುಗಿದ ಮೇಲೆ ಕೇಳಿದರು.

“ಅವನ ಕಿವಿಗೆ ವ್ಯತ್ಯಾಸ ಗೊತ್ತಾಗಲಿಲ್ಲ?”

“ಇಲ್ರಿ.”

“ನಿನ್ನ ಕಿವಿಗೆ?”

ಮೃತ್ಯುಂಜಯ ಅಜ್ಜಾರ ಕಾಲು ಹಿಡಿದ. ಕಣ್ಣಿನ ಹನಿ ಮಣ್ಣಿಗೆ ಬಿತ್ತು.

“ಅಜ್ಜಾರ, ನೀವ ಹೋಗಿ ಹೇಳ್ರಿ ಅವರಿಗೆ. ನನ್ನ ಕಡಿಂದ ಆಗೂದಿಲ್ರಿ. ಯಾವ ಮಾರಿ ಇಟ್ಕೊಂಡು ಹೋಗ್ಲಿ?”

“ಇದ ಮಾರಿ ಇಟ್ಕೊಂಡು ಹೋಗು. ಅಕಿ ದನಿ ಮಾಡಾಕ ಬಂತಲ್ಲ ನಿನಗ? ಈಗ ನಿನ್ನ ದನೀಲೆ ಹೇಳು.”

ದೋಣಿ ಆಚೆ ದಂಡೆಯಲ್ಲಿತ್ತು. ಅಡಿವೆಪ್ಪ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಮೃತ್ಯುಂಜಯ ಅವನಿಗಿಂತ ಎರಡು ಮೆಟ್ಟಿಲು ಕೆಳಗೆ, ನೀರಿನಲ್ಲಿ ನಿಂತ.

“ಕಾಕಾ, ನೀವು ಕೇಳಿದ್ದು ನಿಮ್ಮಕ್ಕನ ಮಾತಲ್ಲ. ನಾ ಮಾಡಿದ್ದು. ಅಕಿ ಹೇಳಿದ್ದು ನನ್ನ ಕೈಯಾಗ ಹಾಳಾತು. ಮುಚ್ಚಾಕ ಇದನ್ನ ಮಾಡಿದೆ.”

ಅಡಿವೆಪ್ಪನಿಗೆ ಮೊದಲು ತಿಳಿಯಲಿಲ್ಲ. ಎರಡನೇ ಸಲ, ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಅದು ಮೊದಲಿನದಕ್ಕಿಂತ ಕಷ್ಟವಾಯಿತು.

“ಅಂದ್ರ ಅಕಿ ಮಾಫಿ ಕೇಳಿಲ್ಲ?”

“ಗೊತ್ತಿಲ್ರಿ.”

“ಮತ್ತ ಏನ್ ಹೇಳಿದ್ಲು? ಬೈದಿದ್ಲೇನು?”

“ಗೊತ್ತಿಲ್ರಿ ಕಾಕಾ.”

“ಅಜ್ಜಾರಿಗೆ ಗೊತ್ತೈತೇನು?”

“ಯಾರಿಗೂ ಗೊತ್ತಿಲ್ರಿ. ಇನ್ನ ಗೊತ್ತಾಗೂದೂ ಇಲ್ಲ. ನನ್ನಿಂದ.”

ಅಡಿವೆಪ್ಪ ಅವನ ಮುಖ ನೋಡಿದ. ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ.

“ಭಾಳ ಶ್ಯಾಣ್ಯಾ ಅದೀಯಪಾ ನೀನು,” ಅಂದ. ಅಷ್ಟೇ.

ಮೃತ್ಯುಂಜಯನ ಲೇಖನಗಳ ಕೆಳಗೆ ಇದೇ ಮಾತನ್ನು ಎಷ್ಟೋ ಜನ ಬರೆದಿದ್ದರು. ಆ ಮಾತು ಹೀಗೂ ಕೇಳಿಸುತ್ತದೆ ಅಂತ ಅವನಿಗೆ ಅಂದು ತಿಳಿಯಿತು.

ದೋಣಿ ಈಚೆ ಬಂತು. ಅಡಿವೆಪ್ಪ ಹತ್ತಲಿಲ್ಲ. ಎದ್ದು ಮತ್ತೆ ಆಶ್ರಮದ ಕಡೆ ನಡೆದ. ಕಟ್ಟೆಯ ಮುಂದೆ ನಿಂತ.

“ಅಜ್ಜಾರ, ನನ್ನವೂ ನಾಕು ಮಾತದಾವು. ಅಕ್ಕಗ ಹೇಳೂವು. ಹೇಳಿ ಹೋಗ್ಲೇನ್ರಿ?”

“ಹೇಳಪಾ.”

ಅಡಿವೆಪ್ಪ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಮೃತ್ಯುಂಜಯ ಅಂಗಳದ ಆ ತುದಿಗೆ ಹೋಗಿ, ಏನೂ ಕೇಳಿಸದಷ್ಟು ದೂರ, ಬೆನ್ನು ತಿರುಗಿಸಿ ನಿಂತ. ನೆತ್ತಿಯ ಮೇಲಿದ್ದ ಬಿಸಿಲು ಗೋಡೆಗೆ ಇಳಿಯಿತು.

ಅಡಿವೆಪ್ಪ ಹೊರಗೆ ಬಂದ. ಕೈಯಲ್ಲಿ ಸೀರೆ ಇರಲಿಲ್ಲ. ಅಜ್ಜಾರಿಗೆ ಕೈಮುಗಿದು, ಮೃತ್ಯುಂಜಯನ ಕಡೆ ತಿರುಗಿಯೂ ನೋಡದೆ ದೋಣಿ ಹತ್ತಿದ.

ಮೃತ್ಯುಂಜಯ ಕೋಣೆಗೆ ಹೋದ. ಕಂಪ್ಯೂಟರಿನ ಪಕ್ಕದಲ್ಲಿ ಹಸಿರು ಸೀರೆ ಮಡಿಕೆ ಕೆಡದೆ ಕೂತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಕೀಲಿ ಹಾಕಿಕೊಂಡು ಬಂದು ಅಜ್ಜಾರ ಮುಂದೆ ಹಿಡಿದ.

“ತಗೋರಿ. ಇದನ್ನ ಹಿಡಿಯೂ ಯೋಗ್ಯತಾ ನನಗಿಲ್ಲ. ಉಳಿದ ಮೂವತ್ತಾರೂ ಮನಿಗೆ ನಾನ ಹೋಗಿ ಹೇಳಿ ಬರ್ತೀನಿ. ಆಮ್ಯಾಲೆ ಊರು ಬಿಡ್ತೀನ್ರಿ.”

“ಮೂವತ್ತಾರು ಮನಿಗೆ ಹೋಗು. ಊರು ಬಿಡಬ್ಯಾಡ. ಕೀಲಿ ನಿನ್ನ ಕಡೇನ ಇರ್ಲಿ.”

“ಯಾಕ್ರಿ ಅಜ್ಜಾರ?”

“ಒಳಗ ಅಡಿವೆಪ್ಪನ ಮಾತೈತಲ್ಲ.”

ಮೃತ್ಯುಂಜಯ ಕೋಣೆಯ ಬಾಗಿಲನ್ನು ನೋಡಿದ.

“ಆ ಮಾತು ಕೇಳಬೇಕಾದಾಕಿ ಸತ್ತು ಹೋಗ್ಯಾಳ್ರಿ. ಅದನ್ನ ಕೇಳಾಕ ಯಾರ್ ಬರ್ತಾರ್ರಿ?”

ಅಜ್ಜಾರು ಅವನ ಅಂಗೈಯಲ್ಲಿದ್ದ ಕೀಲಿಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ಯಾರೂ ಬರಂಗಿಲ್ಲಪಾ. ನಾಳೆ ಬರ್ತಾರ ಅನ್ನೂವಂಗ ಕಾಯಿ.”