ಹತ್ತೊಂಬತ್ತು ಮುಳುಗಿನ ಹೊಂಡ

ಸವದಿಗಟ್ಟಿಯ ಹಳೆಯ ಕಾಲೇಜಿನ ಹಿಂದೆ, ಆಟದ ಬಯಲು ಇಳಿಜಾರಾಗುವ ಕಡೆ, ಕಲ್ಲುಕಟ್ಟಿನ ಒಂದು ಹೊಂಡವಿದೆ. ಊರವರು ಅದನ್ನು ಹತ್ತೊಂಬತ್ತು ಮುಳುಗಿನ ಹೊಂಡ ಎನ್ನುತ್ತಾರೆ. ಹೊಸಬರು ಇದು ಯಾವುದೋ ಪುಣ್ಯತೀರ್ಥವಿರಬೇಕೆಂದು ತಲೆಗೆ ನೀರು ಚಿಮುಕಿಸಿಕೊಳ್ಳುವುದುಂಟು. ಯಾವ ಋಷಿ, ಯಾವ ಶಾಪ ಎಂದು ವಿಚಾರಿಸುವವರೂ ಉಂಟು. ಪಾಪ, ಅವರಿಗೇನು ಗೊತ್ತು! ಈ ಹೆಸರು ಬಂದದ್ದು ಒಂದು ಚರ್ಮದ ಚೆಂಡಿನಿಂದ.

ಹಿಂದೆ ಒಮ್ಮೆ, ಫುಟ್‌ಬಾಲ್ ಎಂಬ ಆಟ ಈ ಸೀಮೆಗೆ ಹೊಸದಾಗಿ ಬಂದಾಗ, ಕಾಲೇಜಿನಲ್ಲೂ ಒಂದು ತಂಡ ಕಟ್ಟಿದರು. ಚೆಂಡು ದನದ ಚರ್ಮದ್ದು. ಅಗ್ರಹಾರದ ಹಿರಿಯರು ಕೂತು ಯೋಚಿಸಿ, ಕಾಲಿನಿಂದ ಒದ್ದರೆ ಅಡ್ಡಿಯಿಲ್ಲ, ಕೈಯಿಂದ ಮುಟ್ಟಿದರೆ ಮೈಲಿಗೆ ಎಂದು ತೀರ್ಮಾನಿಸಿದರಂತೆ. ಆಹಾ, ಎಂಥ ತೀರ್ಮಾನ! ಉಳಿದ ಹುಡುಗರಿಗೆ ಅದು ಸಲೀಸಾಯಿತು. ಗೋಲು ಕಾಯುವವನಿಗೆ ಮಾತ್ರ ಪೇಚಿಗಿಟ್ಟುಕೊಂಡಿತು. ಗೋಲು ಕಾಯುತ್ತಿದ್ದವನು ಪ್ರಲ್ಹಾದ. ತಂದೆತಾಯಿಯಿಲ್ಲದ ಅವನನ್ನು ಸೋದರತ್ತೆ ತುಂಗಕ್ಕ ಎಂಟು ವರ್ಷದವನಿದ್ದಾಗಿನಿಂದ ಸಾಕಿದ್ದಳು. ಆ ಬಾಲವಿಧವೆಗೆ ಲೋಕದಲ್ಲಿ ತನ್ನವನೆಂದು ಇದ್ದವನು ಅವನೊಬ್ಬನೇ. ಆಟ ಬಿಡು ಎಂದು ಬೈದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಅವನು ಬಗ್ಗಲಿಲ್ಲ. ಕೊನೆಗೆ ಸಿಟ್ಟು ನೆತ್ತಿಗೇರಿ, "ಎಷ್ಟು ಸಲ ಅದನ್ನ ಮುಟ್ಟತಿಯೋ ಅಷ್ಟು ಸಲ ಹೊಂಡದಾಗ ಮುಳುಗಿ ಬಾ. ಇಲ್ಲಂದ್ರ ಹೊಸ್ತಿಲಾ ದಾಟಬ್ಯಾಡ" ಎಂದಳು. ಹೀಗಾದರೂ ಬೇಸತ್ತು ಬಿಟ್ಟಾನು ಎಂಬುದು ಅವಳ ಆಸೆ. "ಆಗಲಿ ಅತ್ಯಾ" ಎಂದು ಅವನು ನಕ್ಕುಬಿಟ್ಟ.

ಆ ವರ್ಷ ದಸರೆ ಮುಗಿದದ್ದೇ ಪಂದ್ಯಗಳು ಶುರುವಾದವು. ಆಟ ಮುಗಿಸಿ ಅವನು ಹೊಂಡಕ್ಕಿಳಿದರೆ ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ಎಣಿಸುತ್ತಿದ್ದರು. ಐದು ಮುಳುಗಾದರೆ ಎದುರಾಳಿಗಳು ಸಪ್ಪೆ, ಹನ್ನೆರಡಾದರೆ ಗಟ್ಟಿಗರು ಎಂದು ಬಯಲಿನ ಕಡೆ ತಲೆ ಹಾಕದವರಿಗೂ ತಿಳಿಯುತ್ತಿತ್ತು. ಅವನು ಒಂದನ್ನೂ ತಪ್ಪಿಸಿದವನಲ್ಲ. ತುಂಗಕ್ಕ ಒಣಗಿದ ಪಂಚೆ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದಳು; ಮುಖ ಗಂಟಿಕ್ಕಿಕೊಂಡಿದ್ದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಐದು ಪಂದ್ಯಗಳನ್ನು ಗೆದ್ದರು. ಕೊನೆಯದು, ಕಪ್ಪಿನ ಪಂದ್ಯ, ದಂಡಿನ ಪಲ್ಟನ್ನಿನವರ ಮೇಲೆ. ಪುಷ್ಯಮಾಸದ ಕೊರೆಯುವ ಚಳಿ. ಅಂದು ಬೆಳಿಗ್ಗೆಯೇ ಪ್ರಲ್ಹಾದನ ಮೈ ಕಾದಿತ್ತು, ಹೋಗಬೇಡವೆಂದರೂ ಹೋದ. ಸಂಜೆ ಅವನು ನಡುಗುತ್ತ ನೀರಿಗಿಳಿದಾಗ, ಸಾಕು, ಮನೆಗೆ ನಡಿ ಎಂಬ ಮಾತು ಅವಳ ಗಂಟಲಿನವರೆಗೆ ಬಂದಿತ್ತು. ಆದರೆ ಅಗ್ರಹಾರದ ನಾಲ್ಕು ಮಂದಿ ನೋಡುತ್ತಿದ್ದರು. ಅವಳು ನಿಂತು ಎಣಿಸಿದಳು. ಹತ್ತೊಂಬತ್ತು. ಒಂಬತ್ತನೆಯ ದಿನ ಹುಡುಗ ತೀರಿಕೊಂಡ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ತಂಡದ ನಾಯಕ ಬಸಲಿಂಗಪ್ಪ ಆ ಚೆಂಡನ್ನು ಹಿಡಿದು ಬಂದ. ಒಳಗೆ ಬರಲು ಧೈರ್ಯ ಸಾಲದೆ ಅಂಗಳದಲ್ಲೇ ನಿಂತ. ತುಂಗಕ್ಕ ಕೇಳಿದ್ದು ಒಂದೇ ಮಾತು.

"ಹತ್ತೊಂಬತ್ತು ಸಲ ತಡದಾ ಏನಪಾ, ನಮ್ಮ ಹುಡುಗ?"

"ಹದಿನೆಂಟು, ಅವ್ವಾರ. ಕಡೀದು ಕೈಗೆ ಸಿಗಲಿಲ್ಲ. ಅದರಾಗ ಸೋತಿವಿ."

ಹಾಗಾದರೆ ಆ ಒಂದು ಮುಳುಗು ಹೆಚ್ಚು ಯಾಕೆ ಎಂದು ಬಸಲಿಂಗಪ್ಪನಿಗೆ ಹೊಳೆಯಲಿಲ್ಲ. ಸಾಕಿದವಳಿಗೆ ಹೊಳೆಯಿತು. ಹದಿನೆಂಟು ಮುಳುಗು ಅತ್ತೆಯ ಮಾತಿಗಾಗಿ. ಉಳಿದೊಂದು ಮುಟ್ಟಲಾಗದೆ ಹೋದ ಚೆಂಡಿಗಾಗಿ. ಅವನ ಪಾಲಿಗೆ ಮೈಲಿಗೆ ಅದೊಂದೇ ಆಗಿತ್ತು. ತುಂಗಕ್ಕ ಅಂಗಳಕ್ಕಿಳಿದು ಎರಡೂ ಕೈಯಿಂದ ಚೆಂಡನ್ನು ಇಸಿದುಕೊಂಡಳು, ಮಡಿಲಲ್ಲಿಟ್ಟುಕೊಂಡು ಕುಸಿದು ಕೂತು ಓಣಿಗೆಲ್ಲ ಕೇಳುವಂತೆ ಅತ್ತಳು. ಆ ದಿನ ಅವಳು ಸ್ನಾನ ಮಾಡಲಿಲ್ಲ ಎನ್ನುತ್ತಾರೆ.

ಇಂದು ಹೊಂಡಕ್ಕೆ ಹೋದವರಿಗೆ ದಂಡೆಯ ಮೇಲೆ ಮೂರು ಕಲ್ಲಿನ ದೊಡ್ಡ ಒಲೆಯೊಂದು ಕಾಣುತ್ತದೆ. ಮರುವರ್ಷದಿಂದ ಪಂದ್ಯವಿದ್ದ ಸಂಜೆಗಳಲ್ಲೆಲ್ಲ ತುಂಗಕ್ಕ ಅಲ್ಲಿ ಹಂಡೆ ಏರಿಸಿ ನೀರು ಕಾಯಿಸುತ್ತಿದ್ದಳಂತೆ. ಜಾತಿ ಕೇಳದೆ, ಎದುರು ತಂಡದವರಿಗೂ ತಾನೇ ಎರೆಯುತ್ತಿದ್ದಳು. ಒಬ್ಬರನ್ನೂ ತಣ್ಣೀರಿಗೆ ಇಳಿಯಗೊಡಲಿಲ್ಲ. ಅಗ್ರಹಾರ ಅವಳನ್ನು ಪಂಕ್ತಿಯಿಂದ ಹೊರಗಿಟ್ಟಿತು, ಅವಳು ಒಲೆ ಬಿಡಲಿಲ್ಲ. ಹಂಡೆ ಎಂದೋ ಹೋಯಿತು. ಕಲ್ಲುಗಳಿಗೆ ಹಿಡಿದ ಮಸಿ ಮಾತ್ರ ಇನ್ನೂ ಕೈಗೆ ಹತ್ತುತ್ತದೆ. ಕಾಲೇಜಿನಲ್ಲಿ ಗೋಲು ಕಾಯುವ ಹುಡುಗರು ಪಂದ್ಯಕ್ಕೆ ಮುಂಚೆ ಬಂದು ಅದನ್ನು ಮುಟ್ಟಿ, ಕೈ ತೊಳೆಯದೆ ಬಯಲಿಗಿಳಿಯುತ್ತಾರೆ.